ಸಣ್ಣದಾದ ಫೋಟೊಗಳ ಹಿಂದೆ ಹೊಯಿ ಆನ್ ಸುತ್ತಿದ್ದು

ಕೌಲ್ ಬಜಾರ್

ವಿಯೆಟ್ನಾಮಿಗೆ ಹೋಗಿ ಬಂದೆ ಎಂದರೆ ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಮಂದಿ ಹೇಗಿತ್ತು ಎಂದು ಕೇಳುವುದಿಲ್ಲ, ಫೋನು ಕಿತ್ತುಕೊಳ್ಳುತ್ತಾರೆ. ಬೆರಳಿನಿಂದ ಒಂದೊಂದೇ ಫೋಟೊ ಸರಿಸುತ್ತಾರೆ. ಹೊಲಿಗೆ ಅಂಗಡಿಯ ಮೇಜು. ಅದೇ ಮೇಜು ಇನ್ನೊಂದು ಕೋನದಿಂದ. ಮಂಚದ ಮೇಲೆ ಕೂತ ಒಬ್ಬ ಮುದುಕಿ. ಮತ್ತೆ ಮೇಜು. ಒಳಗೆಲ್ಲಾದರೂ ಸಮುದ್ರ ಸಿಕ್ಕಿಕೊಂಡಿದೆಯೇನೋ ಎಂಬಂತೆ ಫೋನನ್ನು ಒಮ್ಮೆ ಅಲುಗಾಡಿಸಿ ವಾಪಸು ಕೊಡುತ್ತಾರೆ. ಸಮುದ್ರ ಇತ್ತು ಸ್ವಾಮಿ. ಸೈಕಲ್ ತುಳಿದರೆ ಅರ್ಧ ಗಂಟೆಯ ದಾರಿಯಂತೆ. ಅಲ್ಲಿದ್ದ ಮೂರು ದಿನದಲ್ಲಿ ಹೆಚ್ಚು ಹೊತ್ತು ನಾನು ನನ್ನದೇ ತಪ್ಪಿನ ಹಿಂದೆ ಓಡುತ್ತಿದ್ದೆ. ಅದು ಸಮುದ್ರದ ಕಡೆ ಹೋಗಲಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕೌಲ್ ಬಜಾರಿನ ಒಂದು ಜೀನ್ಸ್ ಅಂಗಡಿಯಲ್ಲಿ ನಾನು ಪ್ಯಾಂಟುಗಳ ಫೋಟೊಗ್ರಾಫರ್. ಹಿಂದಿನ ಕೋಣೆಗಳಲ್ಲಿ ಹೊಲಿಗೆ ಯಂತ್ರಗಳು ಕಿವಿ ಕಿತ್ತುಹೋಗುವಂತೆ ಓಡುತ್ತಿರುತ್ತವೆ. ಮುಂದಿನ ಮೂಲೆಯಲ್ಲಿ ಬಿಳಿ ಹಾಳೆ ಹಾಸಿ, ಬಂದ ಪ್ಯಾಂಟನ್ನು ಮಲಗಿಸಿ, ಕ್ಲಿಕ್ಕಿಸಿ, ಆನ್‌ಲೈನಿಗೆ ಹಾಕುವವನು ನಾನು. ದಿನಕ್ಕೆ ಎಂಬತ್ತು ನೂರು ಪ್ಯಾಂಟು. ಒಂದೊಂದನ್ನೂ ಕೂತು ತಿದ್ದಿದರೆ ಮುಪ್ಪು ಬರುತ್ತದೆಂದು ಫೋನಿನಲ್ಲಿ ಒಂದು ಗುಂಡಿ ಮಾಡಿಕೊಂಡಿದ್ದೆ. ಒತ್ತಿದರೆ ಸಾಕು, ಹಿನ್ನೆಲೆ ಬಿಳಿಯಾಗುತ್ತದೆ, ನೀಲಿ ಬಣ್ಣ ಹೊಳೆಯುತ್ತದೆ, ಸೊಟ್ಟ ದಾರ ಮಾಯವಾಗುತ್ತದೆ, ಫೋಟೊ ಅಂಗೈಯಗಲಕ್ಕೆ ಕುಗ್ಗುತ್ತದೆ, ಹಳೆಯ ಹೆಸರಿನಲ್ಲೇ ಹಳೆಯ ಜಾಗದಲ್ಲೇ ಉಳಿಯುತ್ತದೆ. ದೊಡ್ಡ ಫೋಟೊ ಹೋಗುತ್ತದೆ. ಹೋಗಲಿ ಬಿಡಿ, ಮುಂದಿನ ವಾರ ಹೊಸ ಮಾಲು ಬರುತ್ತದೆ, ಹೋದ ವಾರದ ಪ್ಯಾಂಟಿನ ಭಾವಚಿತ್ರ ಇಟ್ಟುಕೊಂಡು ಯಾರು ಪೂಜೆ ಮಾಡುತ್ತಾರೆ? ಆ ಗುಂಡಿಗೆ ‘ಜಳಕ’ ಎಂದು ಹೆಸರಿಟ್ಟಿದ್ದೆ. ನಾಲ್ಕು ವರ್ಷದಲ್ಲಿ ಒಬ್ಬರೂ ಜಳಕಕ್ಕಿಂತ ಮುಂಚಿನ ಫೋಟೊ ಕೊಡು ಎಂದವರಿಲ್ಲ.

ನನ್ನ ಇನ್ನೊಂದು ವಿದ್ಯೆ ಅಣಕ. ಮಾಲೀಕರು ಕೆಮ್ಮುವ ಮೊದಲೇ ಅವರ ಕೆಮ್ಮು ಕೆಮ್ಮುತ್ತೇನೆ. ಈ ವಿದ್ಯೆಯಿಂದ ಎರಡು ಸಲ ಕೆಲಸ ಹೋಗಿದೆ, ಒಂದು ಸಲ ವಿದೇಶ ಸಿಕ್ಕಿದೆ.

ಸಿಕ್ಕಿದ್ದು ಹೀಗೆ. ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಶಂಕ್ರಮ್ಮ ಇರುವುದು ಕುರುಗೋಡಿನಲ್ಲಿ. ನಮ್ಮ ಓಣಿಯ ಜೀನ್ಸ್ ಚಿಂದಿಯನ್ನು ಚೀಲಗಟ್ಟಲೆ ಒಯ್ದು, ಜೊತೆಗೆ ಹಳೇ ಪ್ಯಾಂಟುಗಳ ಸವೆದ ಮೊಣಕಾಲುಗಳನ್ನೂ ಸೇರಿಸಿ, ಹಾಸಿ ಹೊದೆಯುವ ಕೌದಿ ಹೊಲಿಯುತ್ತಾಳೆ. ಸೀರೆಯ ಕೌದಿಯನ್ನು ಯಾರಾದರೂ ಹೊಲಿದಾರು. ಜೀನ್ಸಿನ ಕೌದಿಗೆ ಸೂಜಿ ಇಳಿಯಬೇಕಾದರೆ ಮೊಣಕೈಯಲ್ಲಿ ಕಸುವು ಬೇಕು. ಅವಳನ್ನೂ ಸೇರಿಸಿ ಐವರು ಹೆಂಗಸರು ಸುತ್ತ ಕೂತು ಹೊಲಿಯುತ್ತಾರೆ. ನಾಲ್ವರು ಕುರುಗೋಡಿನವರು, ಒಬ್ಬಳು ಹುಸೇನ್‌ಬಿ, ವಾರಕ್ಕೊಮ್ಮೆ ಸಿರುಗುಪ್ಪದಿಂದ ಬಸ್ಸು ಹತ್ತಿ ಬರುತ್ತಾಳೆ. ಎಲ್ಲರಿಗಿಂತ ಹಿರಿಯಳು ಹುಲಿಗೆಮ್ಮಜ್ಜಿ. ಇವರ ಕೌದಿಯನ್ನು ಎಲ್ಲಿಯೋ ನೋಡಿದ ಒಂದು ಕರಕುಶಲ ಸಂಘದವರು ವಿಯೆಟ್ನಾಮಿನ ಹೊಯಿ ಆನ್ ಎಂಬ ಊರಿನ ಮೇಳಕ್ಕೆ ಕರೆದರು. ಒಬ್ಬೊಬ್ಬರದು ಒಂದರಂತೆ ಐದು ಕೌದಿ, ಒಯ್ಯಲು ಚಿಗವ್ವ, ಜೊತೆಗೆ ಇಂಗ್ಲಿಷೂ ಫೋಟೊನೂ ಬರುವ ಒಬ್ಬರು. ಇಂಗ್ಲಿಷ್ ನನಗೆ ಬರುವುದಿಲ್ಲ. ಬರುವವರ ಹಾಗೆ ಮಾತಾಡಲು ಬರುತ್ತದೆ.

ಮೇಳಕ್ಕಿಂತ ದೊಡ್ಡ ವಿಷಯ ಮೇಳದ ನಂತರ ಇತ್ತು. ಸಂಘದವರ ಜಾಲತಾಣದಲ್ಲಿ ಹೊಲಿದವರಿಗೆ ಒಬ್ಬೊಬ್ಬರಿಗೂ ಅವರದೇ ಪುಟ ತೆರೆಯುತ್ತಾರೆ. ಹೆಸರು, ಊರು, ಕೈಕೆಲಸದ ಒಂದು ಫೋಟೊ. ವರ್ಷವಿಡೀ ಅಲ್ಲಿಂದಲೇ ಬೇಡಿಕೆ ಬರುತ್ತದೆ. ಮೇಳದ ಕೊನೆಯ ದಿನ ಸಂಜೆ ಆರರೊಳಗೆ ದೊಡ್ಡದಾದ, ಸ್ಪಷ್ಟವಾದ ಫೋಟೊ ತಲುಪದಿದ್ದರೆ ಆ ಹೆಸರಿನ ಪುಟ ಮುಂದಿನ ವರ್ಷದ ತನಕ ಇಲ್ಲ. ಹೊರಡುವ ದಿನ ಹುಲಿಗೆಮ್ಮಜ್ಜಿ ಚಿಗವ್ವನ ಕೈ ಹಿಡಿದು ಹೇಳಿದ್ದು ನನಗೂ ಕೇಳಿಸಿತ್ತು.

“ಐದೂ ಮಂದೀದು ಬರ್ಬೇಕು ನೋಡು ಶಂಕ್ರಿ. ಒಬ್ಬಾಕಿದು ಬಿಟ್ಟು ಬಂದಿ ಅಂದ್ರ, ನಾಳಿ ಸುತ್ತ ಕುಂತು ಹೊಲಿಯಾಕ ಆಗಂಗಿಲ್ಲ.”

ಚಿಗವ್ವ ಐದೂ ಬರುತ್ತವೆ ಎಂದು ಮಾತು ಕೊಟ್ಟಳು. ಕೊಡುವಾಗ ನನ್ನನ್ನು ನೋಡಿದಳು. ನಾನು ಫೋನನ್ನು ತೋರಿಸಿ ಹೆಬ್ಬೆರಳೆತ್ತಿದೆ.

ಹೊಯಿ ಆನ್, ಮೊದಲ ದಿನ

ವಿಮಾನದ ಕಥೆ ಬೇಡ. ಎಲ್ಲರ ವಿಮಾನವೂ ಒಂದೇ ತರ ಹಾರುತ್ತದೆ. ಚಿಗವ್ವ ಗಗನಸಖಿಯ ಜೊತೆ ತೆಲುಗಿನಲ್ಲಿ ಮಾತಾಡಿದಳು ಎಂಬುದನ್ನಷ್ಟೇ ದಾಖಲಿಸುತ್ತೇನೆ. ಕನ್ನಡ ಬಾರದವರು ಸಿಕ್ಕರೆ ತೆಲುಗು ಎತ್ತಿಕೊಳ್ಳುವುದು ನಮ್ಮ ಕಡೆಯ ಅಭ್ಯಾಸ. ಭೂಮಿಯ ಮೇಲೆ ಇರುವುದೇ ಎರಡು ಭಾಷೆ, ಒಂದು ಬಾರದಿದ್ದವರಿಗೆ ಇನ್ನೊಂದು ಬರಲೇಬೇಕು ಎಂಬ ಲೆಕ್ಕ. ಗಗನಸಖಿ ಇಂಗ್ಲಿಷಿನಲ್ಲಿ ಉತ್ತರಿಸಿದಳು, ಇಬ್ಬರೂ ಸುಖವಾಗಿದ್ದರು, ನೀರೂ ಬಂತು.

ಹೊಯಿ ಆನ್ ಹಳದಿ ಗೋಡೆಗಳ ಊರು. ಓಣಿಯ ಮೇಲೆಲ್ಲ ಬಣ್ಣದ ಬಟ್ಟೆಯ ಗೂಡುದೀಪಗಳು ತೂಗುತ್ತವೆ. ನಮ್ಮಲ್ಲಿ ಅದೇ ಜಾಗದಲ್ಲಿ ಕೇಬಲ್ ವೈರು ತೂಗುತ್ತದೆ. ಎರಡು ಅಂಗಡಿಗೊಂದು ದರ್ಜಿಯ ಅಂಗಡಿ. ಇವತ್ತು ಅಳತೆ ಕೊಟ್ಟರೆ ನಾಳೆ ಸೂಟು. ಕೌಲ್ ಬಜಾರಿನವನಾದ ನನಗೆ ಯಂತ್ರದ ಸದ್ದು ಕೇಳಿಯೇ ಊರು ಅರ್ಧ ಪರಿಚಯವಾಯಿತು. ಚಿಗವ್ವನಿಗೆ ಪರಿಚಯವಾದದ್ದು ಬೇರೆ ದಾರಿಯಿಂದ. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಹೆಂಗಸರೆಲ್ಲ ಮೇಲೆ ಕೆಳಗೆ ಒಂದೇ ಹೂವಿನ ಅಚ್ಚಿನ, ಮನೆಯಲ್ಲಿ ಮಲಗಲು ಹಾಕುವಂಥ ಜೋಡಿ ಬಟ್ಟೆಯಲ್ಲಿ ಬಂದಿದ್ದರು. ಯಾರಿಗೂ ನಾಚಿಕೆ ಇಲ್ಲ, ಕೈಯಲ್ಲಿ ಚೀಲ, ಬಾಯಲ್ಲಿ ಚೌಕಾಸಿ. ಚಿಗವ್ವ ನಿಂತು ಎರಡು ನಿಮಿಷ ನೋಡಿ ತೃಪ್ತಳಾದಳು.

“ನಮ್ಮಂಗ ನೈಟಿ ಮ್ಯಾಗ ಬಜಾರಕ್ಕ ಬಂದಾರ ನೋಡ್ಲೇ. ಹೆಗಲ ಮ್ಯಾಗ ಟವೆಲ್ ಒಂದು ಮರ್ತಾರ.”

ಕೂರುವುದಕ್ಕೆ ಅಲ್ಲಿ ಎಲ್ಲ ಕಡೆ ಅಂಗೈಯಗಲದ ಪ್ಲಾಸ್ಟಿಕ್ ಮಣೆ. ನಮ್ಮ ಬಚ್ಚಲಮನೆಯಲ್ಲಿರುತ್ತದಲ್ಲ, ಅದೇ. ಊರ ತುಂಬ ಜನ ರಸ್ತೆಬದಿಯಲ್ಲಿ ಮೊಣಕಾಲು ಕಿವಿಗೆ ತಾಗಿಸಿಕೊಂಡು, ಜಳಕಕ್ಕೆ ಕೂತವರ ಹಾಗೆ ಕೂತು ಊಟ ಮಾಡುತ್ತಿದ್ದರು. ನಾನೂ ಕೂತೆ. ಏಳುವಾಗ ಮಣೆಯೂ ನನ್ನ ಜೊತೆ ಎದ್ದಿತು.

ಮೇಳ ನದಿಯ ಹತ್ತಿರದ ಒಂದು ಅಂಗಳದಲ್ಲಿ. ಫೋಟೊ ಮತ್ತು ಪುಟಗಳ ಉಸ್ತುವಾರಿ ನೋಡುತ್ತಿದ್ದವಳು ಮಾಯ್ ಎಂಬ ಹುಡುಗಿ. ನನ್ನ ವಯಸ್ಸಿನವಳು, ನನಗಿಂತ ಹತ್ತು ವರ್ಷ ಜವಾಬ್ದಾರಿಯವಳು. ಫೋಟೊ ತೆಗೆಯುವ ಮೊದಲು ಅಲ್ಲಿನವರೆಲ್ಲ ಮೋತ್, ಹಾಯ್, ಬಾ ಎಂದು ಎಣಿಸುತ್ತಾರೆ, ಒಂದು ಎರಡು ಮೂರು ಎಂದು. ಮಾಯ್ ಎಣಿಸುವಾಗ ಎರಡಕ್ಕೆ ಹುಬ್ಬು ಮೇಲೆ ಹೋಗುತ್ತದೆ, ಮೂರಕ್ಕೆ ಕುತ್ತಿಗೆ ಓರೆಯಾಗುತ್ತದೆ. ಹತ್ತು ನಿಮಿಷದಲ್ಲಿ ನಾನದನ್ನು ಕಲಿತು ಮಾಡಿ ತೋರಿಸಿದೆ. ಅಕ್ಕಪಕ್ಕದ ಬುಟ್ಟಿಯವರು, ಮಡಕೆಯವರು ಬಿದ್ದು ನಕ್ಕರು. ಮಾಯ್ ನಗಲಿಲ್ಲ. ನಾಲ್ಕನೆಯ ಸಲ ನಾನು ಮಾಡುವಾಗ ನನ್ನದೇ ನಡಿಗೆ ನಡೆದು ತೋರಿಸಿದಳು, ಒಂದು ಕೈ ಫೋನಿನಲ್ಲಿ, ಇನ್ನೊಂದು ಕೂದಲಲ್ಲಿ. ನಾನು ಅಷ್ಟು ಕೆಟ್ಟದಾಗಿ ನಡೆಯುತ್ತೇನೆಂದು ತಿಳಿಯಲು ವಿಯೆಟ್ನಾಮಿಗೆ ಹೋಗಬೇಕಾಯಿತು.

ಬೆಳಗಿನ ಬೆಳಕಿನಲ್ಲಿ ಐದೂ ಕೌದಿಗಳನ್ನು ಬಿದಿರಿನ ಗಳಕ್ಕೆ ಹಾಕಿ ತೆಗೆದೆ. ಒಳ್ಳೆಯ ಫೋಟೊಗಳು, ಸುಳ್ಳು ಹೇಳಬಾರದು. ಒಂದೊಂದಕ್ಕೂ ಜಳಕ ಮಾಡಿಸಿದೆ. ಐದು ಸಲ ಒತ್ತಲು ಐದು ಸೆಕೆಂಡು. ಚಿಗವ್ವನಿಗೆ ತೋರಿಸಿದರೆ ಅವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದರಲ್ಲಿ ಹುಲಿಗೆಮ್ಮಂದು ಯಾವುದು ಎಂದು ಕೇಳಿದಳು. ಮೂರನೆಯದು ಎಂದೆ. ಮೊಣಕಾಲು ಸವೆದ ಜಾಗದ ಮಬ್ಬು ಎಲ್ಲಿ ಹೋಯಿತು, ಐದೂ ಒಂದೇ ಅಂಗಡಿಯ ಹೊಸ ಪ್ಯಾಂಟಿನಂತೆ ಕಾಣುತ್ತವಲ್ಲ ಎಂದಳು. ಆನ್‌ಲೈನಿನಲ್ಲಿ ಹಂಗೇ ಚಿಗವ್ವ, ನನಗೆ ಬಿಡು ಎಂದು ಮಾಯ್‌ಗೆ ಕಳಿಸಿ ಕೈ ತೊಳೆದುಕೊಂಡೆ.

ಎರಡನೆಯ ದಿನ

ಎರಡನೆಯ ದಿನ ಮಧ್ಯಾಹ್ನದೊಳಗೆ ನಾಲ್ಕು ಕೌದಿ ಹೋದವು. ಹುಸೇನ್‌ಬಿಯದನ್ನೂ ಕುರುಗೋಡಿನ ಇನ್ನೊಬ್ಬಳದನ್ನೂ ಲಾನ್ ಎಂಬ ದರ್ಜಿ ಹೆಂಗಸು ಒಯ್ದಳು. ಮತ್ತೊಂದನ್ನು ನದಿ ದಂಡೆಯಲ್ಲಿ ಕಾಫಿ ಅಂಗಡಿ ಇಟ್ಟ ಒಬ್ಬ ಅಜ್ಜಿ, ಎರಡು ಸಲ ಮೂಸಿ ನೋಡಿ, ಹೆಗಲ ಮೇಲೆ ಹಾಕಿಕೊಂಡು ಹೋದಳು. ಹುಲಿಗೆಮ್ಮಜ್ಜಿಯದನ್ನು ಬಿಳಿ ಗಡ್ಡದ ಒಬ್ಬ ಸೈಕಲ್ ಪ್ರವಾಸಿ ಕೊಂಡು ತನ್ನ ಸೈಕಲ್ಲಿನ ಹಿಂದೆ ಬಿಗಿದುಕೊಂಡ. ಉಳಿದದ್ದು ಚಿಗವ್ವನದೊಂದೇ. ಬಂದವರೆಲ್ಲ ಅದನ್ನು ಎತ್ತಿ, ಭಾರಕ್ಕೆ ನಕ್ಕು, ಇಳಿಸಿ ಹೋಗುತ್ತಿದ್ದರು. ಬೇಜಾರೇ ಎಂದು ಕೇಳಿದೆ. ತನ್ನದು ತನ್ನ ಜೊತೆ ಊರಿಗೆ ಬಂದರೆ ಚಳಿಗೆ ಆಯಿತು ಎಂದಳು.

ಆಗ ಮಾಯ್ ಬಂದಳು. ಅವಳ ದೊಡ್ಡ ಪರದೆಯ ಮೇಲೆ ನನ್ನ ಐದು ಫೋಟೊಗಳು ಅಂಚೆಚೀಟಿಯಷ್ಟಿದ್ದವು. ಎಳೆದು ದೊಡ್ಡದು ಮಾಡಿ ತೋರಿಸಿದಳು. ಹೊಲಿಗೆ ಇರಬೇಕಾದ ಕಡೆ ಜೋಳದ ಕಾಳಿನಂಥ ಚೌಕಗಳು. ಇದರ ಮೂಲ ಕಳಿಸು, ಬಣ್ಣ ಹಚ್ಚದ್ದು, ಪೂರ್ತಿ ಗಾತ್ರದ್ದು, ನಾಳೆ ಆರರೊಳಗೆ ಎಂದಳು. ಅದಕ್ಕೇನಂತೆ ಎಂದು ಫೋನು ತೆಗೆದೆ.

ಐದು ಹೆಸರು ಇದ್ದವು. ಐದೂ ಸಣ್ಣವೇ. ಅಳಿಸಿದ ಫೋಟೊಗಳ ಬುಟ್ಟಿ ನೋಡಿದೆ, ಖಾಲಿ. ಅಳಿಸಿದರೆ ತಾನೇ ಬುಟ್ಟಿಗೆ ಹೋಗುವುದು? ನಾನು ಅಳಿಸಿರಲಿಲ್ಲ, ದೊಡ್ಡದರ ಮೇಲೆ ಸಣ್ಣದನ್ನು ಕೂರಿಸಿದ್ದೆ. ಆನ್‌ಲೈನ್ ಕಪಾಟಿನಲ್ಲಿ ಹುಡುಕಿದೆ. ಅಲ್ಲಿ ನನ್ನ ಫೋನು ನಿಷ್ಠೆಯಿಂದ ಸಣ್ಣದನ್ನೇ ನಕಲು ಮಾಡಿಟ್ಟಿತ್ತು. ನಾಲ್ಕು ವರ್ಷ ನಾನು ಕಲಿಸಿದ ಪಾಠವನ್ನು ಅದು ಒಂದಕ್ಷರ ಮರೆತಿರಲಿಲ್ಲ.

ನನ್ನ ಮುಖ ನೋಡಿ ಮಾಯ್‌ಗೆ ಅರ್ಥವಾಯಿತು. ಅವಳು ಬೈಯಲಿಲ್ಲ, ಪಾಠ ಮಾಡಿದಳು. ತೆಗೆದ ಫೋಟೊವನ್ನು ಮುಟ್ಟಬಾರದು, ಮೊದಲು ನಕಲು, ಆಮೇಲೆ ನಕಲನ್ನು ತಿದ್ದು, ಎರಡಕ್ಕೂ ಬೇರೆ ಹೆಸರು. ಇಂಗ್ಲಿಷಿನಲ್ಲಿ ಹೋಲಿಕೆ ಹೇಳಲು ಹೋಗಿ ಅಕ್ಕಿಗೂ ಅನ್ನಕ್ಕೂ ‘ರೈಸ್’ ಎಂಬ ಒಂದೇ ಪದ ಬಂದು ಅವಳಿಗೆ ಸಿಟ್ಟು ಬಂತು. ಅವರ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇವೆಯಂತೆ. ನಮ್ಮಲ್ಲೂ ಇವೆ ಎಂದೆ. ಅವಳ ಕಣ್ಣು ಮೊದಲ ಸಲ ನನ್ನ ಮೇಲೆ ಕರುಣೆಯಿಂದ ನಿಂತಿತು. ಹಾಗಾದರೆ ನಿನಗೆ ತಿಳಿಯುತ್ತದೆ, ಬೇಯಿಸಿದ್ದನ್ನು ಮತ್ತೆ ಅಕ್ಕಿ ಮಾಡಲು ಆಗುತ್ತದೆಯೇ, ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಒಂದೇ ಸಲ ಯಾರಾದರೂ ಬೇಯಿಸುತ್ತಾರೆಯೇ ಎಂದಳು. ಸಿರುಗುಪ್ಪದ ಭತ್ತದ ಗದ್ದೆಗಳ ಪಕ್ಕ ಓಡಾಡಿ ಬೆಳೆದ ನನಗೆ ಮೆಕಾಂಗ್ ನದಿಯ ಭತ್ತದ ಸೀಮೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ಹುಡುಗಿ ಅಕ್ಕಿಯ ಪಾಠ ಹೇಳುವ ಹಾಗಾಯಿತು.

ಚಿಗವ್ವನಿಗೆ ಹೇಳುವುದು ಉಳಿದಿತ್ತು. ನಗಿಸುತ್ತಾ ಹೇಳೋಣವೆಂದು ಮಾಲೀಕರ ಕೆಮ್ಮಿನಿಂದ ಶುರು ಮಾಡಿದೆ. ಅವಳು ನಗದೆ ಪೂರ್ತಿ ಕೇಳಿದಳು. ಮನೆಯಲ್ಲಿ ಮುಗಿದ ಕೌದಿ ಒಂದೂ ಇರಲಿಲ್ಲ, ಇದ್ದ ಐದನ್ನೂ ತಂದಿದ್ದೆವು. ಒಂದು ಹೊಲಿಯಲು ಮೂರು ತಿಂಗಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಲ್ಲಿ ನಾಕು ಮಂದಿ ಹಾದಿ ನೋಡಾಕ ಹತ್ತ್ಯಾರ. ನೀ ಇಲ್ಲಿ ಕೆಮ್ಮಾಕ ಹತ್ತೀದಿ. ಯಾರ್ಯಾರ್ ಒಯ್ದಾರ, ಅವ್ರವ್ರ ಮನಿಗೇ ಹೋಗೂಣು ನಡಿ.”

ಅವಳದೊಂದನ್ನು ಅಲ್ಲೇ ಗಳಕ್ಕೆ ಹಾಕಿ ತೆಗೆದೆ. ಮುಟ್ಟದೆ ಕಳಿಸಿದೆ. ಒಂದಾಯಿತು.

ಲಾನ್ ಅವರ ಹೊಲಿಗೆ ಅಂಗಡಿ

ಮೂರನೆಯ ದಿನ ಬೆಳಿಗ್ಗೆ ಲಾನ್ ಅವರ ಅಂಗಡಿ ಹುಡುಕಿಕೊಂಡು ಹೋದೆವು. ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕು. ಬಟ್ಟೆಯಂಗಡಿಗೆ ಬರಿಗಾಲಲ್ಲಿ ಹೋಗುವ ಪದ್ಧತಿ ಬಳ್ಳಾರಿಗೆ ಬಂದರೆ ವ್ಯಾಪಾರ ಮುಗಿಯುವ ಹೊತ್ತಿಗೆ ಹೊರಗೆ ಒಂದು ಜೊತೆ ಚಪ್ಪಲಿ ಉಳಿಯುವುದಿಲ್ಲ.

ಕತ್ತರಿಸುವ ಮೇಜಿನ ಮೇಲೆ ಎರಡೂ ಕೌದಿಗಳು ಬೆನ್ನು ಮೇಲಾಗಿ ಬಿದ್ದಿದ್ದವು. ಲಾನ್ ಕನ್ನಡಕ ಮೂಗಿನ ತುದಿಗೆ ಇಳಿಸಿ, ಹುಸೇನ್‌ಬಿಯ ಹೊಲಿಗೆಯ ಮೇಲೆ ಇಂಚಿಂಚಾಗಿ ಬೆರಳು ಓಡಿಸುತ್ತಿದ್ದಳು. ಕಳ್ಳಮಾಲು ಹುಡುಕುವ ಪೊಲೀಸಿನಂತೆ ಕಂಡಳು. ಅವಳು ಹುಡುಕುತ್ತಿದ್ದದ್ದು ಗಂಟು. ಇಷ್ಟು ದೊಡ್ಡ ಹೊದಿಕೆ, ದಾರ ಎಷ್ಟೋ ಸಲ ಮುಗಿದಿರಬೇಕು, ಮತ್ತೆ ಶುರುವಾಗಿರಬೇಕು, ಗಂಟು ಎಲ್ಲಿ? ನಿನ್ನೆಯಿಂದ ಹುಡುಕಿ ಒಂದೂ ಸಿಕ್ಕಿರಲಿಲ್ಲ. ಸನ್ನೆಯಲ್ಲಿ ಕೇಳಿದಳು. ಚಿಗವ್ವ ತೆಲುಗಿನಲ್ಲಿ ಉತ್ತರಿಸುತ್ತಾ ಅವಳ ಕೈಯಿಂದ ಸೂಜಿ ತೆಗೆದುಕೊಂಡಳು. ದಾರದ ತುದಿಗೆ ಗಂಟು ಹಾಕಿ, ಎರಡು ಪದರಗಳ ನಡುವೆ ಸೂಜಿ ತೂರಿಸಿ ಎಳೆದಳು. ಟಪ್ ಎಂದು ಗಂಟು ಒಳಗೆ ಹಾರಿ ಕೂತಿತು. ಹೊರಗೆ ಏನೂ ಇಲ್ಲ. ಲಾನ್ ಒಳಗಿನಿಂದ ತನ್ನ ಇಬ್ಬರು ಕೆಲಸದ ಹೆಂಗಸರನ್ನು ಕರೆದು, ಮತ್ತೊಮ್ಮೆ ಮಾಡು ಎಂದಳು. ಚಿಗವ್ವ ಆರು ಸಲ ಮಾಡಿದಳು. ನಾನು ಗಡಿಯಾರ ನೋಡುತ್ತಿದ್ದೆ.

ಫೋಟೊಗೆ ಕೇಳಿದಾಗ ಲಾನ್ ಒಪ್ಪಿದಳು, ಆದರೆ ಒಳಗಿನ ಟ್ಯೂಬ್‌ಲೈಟಿನಲ್ಲಿ ನೀಲಿ ಸತ್ತುಹೋಗುತ್ತದೆಂದು ಬೇಡವೆಂದಳು. ನಾಲ್ಕು ಮಂದಿ ಸೇರಿ ಮೇಜನ್ನೇ ಬಾಗಿಲಿಗೆ ಎಳೆದೆವು. ಅಲ್ಲಿ ಬಿದ್ದ ಬೆಳಕಿನಲ್ಲಿ, ಕೌದಿಯ ಬೆನ್ನಿಗೂ ಹಚ್ಚಿದ್ದ ಸವೆದ ಮೊಣಕಾಲುಗಳು ಒಂದು ಕಡೆ ಬಿಳಿ, ಒಂದು ಕಡೆ ಬೂದಿ, ಒಂದು ಕಡೆ ಇನ್ನೂ ಕಪ್ಪು ನೀಲಿ. ನಾಲ್ಕು ವರ್ಷ ನಾನು ಒಂದು ಗುಂಡಿಯಿಂದ ತೊಳೆದು ಹಾಕಿದ್ದು ಇದನ್ನೇ. ನೀಲಿಯಲ್ಲಿ ಇಷ್ಟೊಂದು ನೀಲಿಗಳಿವೆ ಎಂದು ನೀಲಿಯಿಂದಲೇ ಹೊಟ್ಟೆ ಹೊರೆಯುವ ನನಗೆ ಗೊತ್ತಿರಲಿಲ್ಲ. ಎರಡನ್ನೂ ತಿರುಗಿಸದೆ ಹಾಗೇ ತೆಗೆದೆ. ಮೂರಾಯಿತು.

ನದಿ ದಂಡೆಯ ಕಾಫಿ ಅಂಗಡಿ

ಕಾಫಿ ಅಂಗಡಿ ತಲುಪಿದಾಗ ಹನ್ನೆರಡೂವರೆ. ಓಣಿಗೆ ಓಣಿಯೇ ಮಲಗಿತ್ತು. ಈ ದೇಶದಲ್ಲಿ ಮಧ್ಯಾಹ್ನದ ನಿದ್ದೆ ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಬೈಕಿನ ಮೇಲೆ ಉದ್ದಕ್ಕೆ ಒರಗಿ ಒಬ್ಬ, ಅಂಗಡಿಯ ನೆಲದ ಮೇಲೆ ಮೂವರು, ಕಾಫಿ ಅಂಗಡಿಯಲ್ಲಿ ಕುರ್ಚಿಗಳ ಬದಲು ಸಾಲಾಗಿ ತೂಗುಮಂಚಗಳು, ಒಂದೊಂದರಲ್ಲಿ ಒಬ್ಬೊಬ್ಬರು. ಒಳಗಿನ ಮಂಚದ ಮೇಲೆ ನಮ್ಮ ಕೌದಿ. ಅದರ ಮೇಲೆ ಅಜ್ಜಿ, ಫ್ಯಾನಿನ ಕೆಳಗೆ, ಗಾಢ ನಿದ್ದೆಯಲ್ಲಿ.

ಅಜ್ಜಿಯ ಸೊಸೆ ತುಟಿಯ ಮೇಲೆ ಬೆರಳಿಟ್ಟಳು. ನಾನು ಫೋನು ತೋರಿಸಿ, ಗಡಿಯಾರ ತೋರಿಸಿ, ಅಜ್ಜಿಯನ್ನು ಸ್ವಲ್ಪ ಪಕ್ಕಕ್ಕೆ ಉರುಳಿಸಬಹುದೇ ಎಂದು ಕೈಯಲ್ಲಿ ಅಭಿನಯಿಸಿದೆ. ಅಭಿನಯ ಚೆನ್ನಾಗಿತ್ತು, ಸೊಸೆಯ ಕಣ್ಣು ಕೆಂಪಾದದ್ದರಿಂದ ತಿಳಿಯಿತು. ನಮ್ಮಲ್ಲಿ ಮಧ್ಯಾಹ್ನ ಬಂದವರು ಪಕ್ಕದ ಮನೆಯವರೇ ಆದರೂ ಮಲಗಿದ ಅಜ್ಜನನ್ನು ಎಬ್ಬಿಸಿ, ಇವ್ರು ಬಂದಾರ ನೋಡ್ರಿ ಎಂದು ಕೂರಿಸುತ್ತೇವೆ. ಇಲ್ಲಿ ಬಂದವರನ್ನೇ ಮಲಗಿಸುತ್ತಾರೆ. ಚಿಗವ್ವನಿಗೆ ಒಂದು ತೂಗುಮಂಚ ತೋರಿಸಿದರು. ಅವಳು ಅನುಮಾನದಿಂದ ಹತ್ತಿದಳು, ಎರಡು ನಿಮಿಷಕ್ಕೆ ಗೊರಕೆ.

ಎಚ್ಚರವಿದ್ದವನು ನಾನೊಬ್ಬನೇ. ಅಲ್ಲಿನ ಕಾಫಿ ಲೋಟದ ಮೇಲಿಟ್ಟ ಸಣ್ಣ ಜರಡಿಯಿಂದ ಹನಿ ಹನಿಯಾಗಿ ಇಳಿಯುತ್ತದೆ. ಒಂದು ಹನಿ ಬೀಳುತ್ತದೆ, ಇನ್ನೊಂದು ಯೋಚನೆ ಮಾಡುತ್ತದೆ. ಅಜ್ಜಿ ಎರಡಕ್ಕೆ ಎದ್ದಳು. ನನ್ನನ್ನು ನೋಡಿ ನಕ್ಕಳು, ವಿಷಯ ಕೇಳಿ ಇನ್ನೂ ನಕ್ಕಳು. ಕೌದಿಯನ್ನು ಮಂಚದಿಂದ ತೆಗೆಯಲು ಮಾತ್ರ ಬಿಡಲಿಲ್ಲ. ತಾನು ಮೂಲೆಗೆ ಸರಿದು ಕೂತು, ಅಂಗೈಯಿಂದ ಅದನ್ನು ಸವರಿ ಹಾಸಿ, ತೆಗಿ ಎಂದು ಗದ್ದ ಎತ್ತಿದಳು. ಅವಳು ಮಲಗಿದ್ದ ತಗ್ಗು ಹಾಗೆಯೇ ಉಳಿದಿತ್ತು. ತಗ್ಗನ್ನೂ ಸೇರಿಸಿ ತೆಗೆದೆ. ನಾಲ್ಕಾಯಿತು.

ಮತ್ತೆ ಮೇಳದ ಅಂಗಳ

ಉಳಿದದ್ದು ಹುಲಿಗೆಮ್ಮಜ್ಜಿಯದು. ಬಿಳಿ ಗಡ್ಡದ ಸೈಕಲ್ಲಿನವನ ಹೆಸರು ಯಾರಿಗೂ ಗೊತ್ತಿಲ್ಲ. ಮಾಯ್ ಊರಿನ ವಸತಿಗೃಹಗಳಿಗೆ ಒಂದೊಂದಾಗಿ ಫೋನು ಮಾಡಿದಳು. ಒಂಬತ್ತನೆಯ ಕಡೆ ಸಿಕ್ಕಿತು. ಅವನು ನಸುಕಿನಲ್ಲೇ ಎದ್ದು ಉತ್ತರದ ಬೆಟ್ಟಗಳ ಕಡೆ ಸೈಕಲ್ ತುಳಿದಿದ್ದ. ನಂಬರು ಕೊಟ್ಟಿರಲಿಲ್ಲ. ಆಗ ಗಂಟೆ ನಾಲ್ಕು.

ನನ್ನ ಬಳಿ ಇದ್ದದ್ದು ಜಳಕ ಮಾಡಿದ ಸಣ್ಣ ಫೋಟೊ. ಮೂಲೆಯಲ್ಲಿ ಕೂತು ಅದನ್ನು ಒಂದು ಆ್ಯಪಿಗೆ ಹಾಕಿದೆ. ಸಣ್ಣದನ್ನು ದೊಡ್ಡದು ಮಾಡಿಕೊಡುವಂಥದ್ದು, ಇಲ್ಲದ್ದನ್ನು ತಾನೇ ಊಹಿಸಿ ತುಂಬುತ್ತದೆ. ಅರ್ಧ ನಿಮಿಷದಲ್ಲಿ ಬಂತು ನೋಡಿ, ಅದ್ಭುತ. ಒಂದೊಂದು ಹೊಲಿಗೆಯೂ ಎಣಿಸುವಂತಿದೆ, ಸಾಲುಗಳು ಸ್ಕೇಲಿಟ್ಟು ಎಳೆದಂತಿವೆ. ನನಗೆ ಕುಣಿಯುವಷ್ಟು ಖುಷಿಯಾಗಿ ಚಿಗವ್ವನ ಮುಂದೆ ಹಿಡಿದೆ.

ಅವಳು ಬಹಳ ಹೊತ್ತು ನೋಡಿದಳು. ಹುಲಿಗೆಮ್ಮಜ್ಜಿಯ ಕಣ್ಣು ಈಚೆಗೆ ಮಂಜಾಗಿದೆ. ನೀಲಿ ಬಟ್ಟೆಯ ಮೇಲೆ ನೀಲಿ ದಾರ ಅವಳಿಗೆ ಕಾಣುವುದಿಲ್ಲ, ಬೆರಳಿನಿಂದ ತಡವಿ ಹೊಲಿಯುತ್ತಾಳೆ. ಅದಕ್ಕೇ ಅವಳ ಸಾಲು ಗುಡ್ಡ ಹತ್ತಿ ಇಳಿದ ಹಾಗಿರುತ್ತದೆ. ಆ ಸೈಕಲ್ಲಿನವನು ಬೆರಳಿಟ್ಟು ಮೆಚ್ಚಿ ಒಯ್ದದ್ದೂ ಆ ಗುಡ್ಡವನ್ನೇ.

“ಇದ್ರಾಗ ಆಕಿ ಕೈ ಇಲ್ಲಲೇ.”

ಅಲ್ಲಿ ನೋಡುವವರಿಗೆ ಯಾರಿಗೆ ತಿಳಿಯುತ್ತದೆ ಚಿಗವ್ವ, ಎರಡು ತಾಸೂ ಇಲ್ಲ, ಇದನ್ನೇ ಕಳಿಸಿಬಿಡೋಣ, ಇಲ್ಲದಿದ್ದರೆ ಅವಳದೊಂದೇ ಪುಟ ಇರುವುದಿಲ್ಲ ಎಂದೆ. ಮಾತು ಸರಿಯಾಗಿಯೇ ಇತ್ತು. ಚಿಗವ್ವನಿಗೂ ಹಾಗನಿಸಿರಬೇಕು, ಏಕೆಂದರೆ ಒಂದು ಗಳಿಗೆ ಅವಳು ನದಿಯ ಕಡೆ ನೋಡಿದಳು. ಆಮೇಲೆ ಕೇಳಿದಳು.

“ಇದನ್ನ ನೋಡಿ ನಾಳಿ ಇಂಥದ್ದೇ ಬೇಕು ಅಂತ ಬಂದ್ರ ಹೊಲ್ಯಾಕಿ ಯಾರು? ಹುಲ್ಗೆಮ್ಮನೋ, ನಿನ್ನ ಫೋನೋ?”

ಆ ಸುಳ್ಳು ಫೋಟೊ ಅಳಿಸಿದೆ. ತಪ್ಪೊಪ್ಪಿಕೊಳ್ಳಲೆಂದು ಚಿಗವ್ವ ಕುರುಗೋಡಿಗೆ ವಿಡಿಯೊ ಕರೆ ಮಾಡಿಸಿದಳು. ಅಲ್ಲಿ ಇನ್ನೂ ಮಧ್ಯಾಹ್ನದ ಬಿಸಿಲು. ಹುಲಿಗೆಮ್ಮಜ್ಜಿ ಪರದೆಗೆ ಕಿವಿ ಹಚ್ಚಿ ಎಲ್ಲ ಕೇಳಿಸಿಕೊಂಡಳು. ನಮಗೆ ಕಂಡದ್ದು ಒಂದು ಕಿವಿ, ಒಂದು ಬೆಂಡೋಲೆ. ಬೈಯುತ್ತಾಳೆಂದು ಕಾದೆವು.

“ಹೋದ್ರ ಹೋತು ಬಿಡ್ರಿ. ಇನ್ನೊಂದು ಹಿಡ್ದೀನಲ್ಲ, ಅರ್ಧ ಆಗೈತಿ. ಅರ್ಧದ್ದು ಹಾಕಂಗಿಲ್ಲೇನು?”

ಮೇಳಕ್ಕೆ ಕೊಟ್ಟದ್ದು ಮುಗಿದ ಮರುದಿನವೇ, ತಿಂಗಳ ಹಿಂದೆ, ಅವಳು ಹೊಸದು ಹಿಡಿದಿದ್ದಳು, ಬೇರೆಯವರಿಗಿಂತ ಇಮ್ಮಡಿ ಹೊತ್ತು ಕೂರುತ್ತಾಳೆ. ಮಾಯ್‌ಳನ್ನು ಕೇಳಿದೆ. ಮುಗಿದದ್ದೇ ಇರಬೇಕೆಂದು ಯಾರು ಹೇಳಿದರು, ಅವಳ ಕೈಯದಾಗಿರಬೇಕು ಅಷ್ಟೆ ಎಂದಳು. ನಾವೇ ಹಾಗೆಂದುಕೊಂಡು ಬೆಳಗಿನಿಂದ ಊರು ಸುತ್ತಿದ್ದೆವು.

ಅಜ್ಜಿ ತಾನೇ ಫೋಟೊ ತೆಗೆದು ಕಳಿಸಿದಳು. ಬಂತು. ಸಣ್ಣದು. ಚಾಟಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡಿಯೇ ಕಳಿಸುತ್ತದೆ. ದೊಡ್ಡದು ಬೇಕಾದರೆ ಕಾಗದಪತ್ರ ಕಳಿಸುವ ದಾರಿಯಲ್ಲಿ ಕಳಿಸಬೇಕು. ಇದನ್ನು ನಾನು ಸಾವಿರಾರು ಕಿಲೋಮೀಟರ್ ದೂರದಿಂದ, ಫೋನಿನ ಅಕ್ಷರವನ್ನು ಒಂದು ಪರದೆಗೆ ಎರಡು ಪದ ಹಿಡಿಯುವಷ್ಟು ದೊಡ್ಡದು ಮಾಡಿಕೊಂಡಿರುವ ಅಜ್ಜಿಗೆ ಕಲಿಸಬೇಕಿತ್ತು.

“ಅಜ್ಜಿ, ಫೋಟೊ ಅಂತ ಒತ್ತಬ್ಯಾಡ್ರಿ. ಕೆಳಗ ಪಿನ್ನಿನಂಗ ಒಂದು ಗುರುತು ಐತಿ ನೋಡ್ರಿ. ಅದನ್ನ ಒತ್ರಿ. ಅದ್ರಾಗ ಹಾಳಿ ಗುರುತು ಬರ್ತೈತಿ.”

“ಹಾಳಿ ಬಂತು. ಒಳಗ ಬಾಳ ಅದಾವ ತಮ್ಮಾ.”

ಮೊದಲು ಬಂದದ್ದು ಅವಳ ರೇಷನ್ ಕಾರ್ಡು. ಐದೂಕಾಲಿಗೆ ಗ್ಯಾಸ್ ಪುಸ್ತಕದ ಮೊದಲ ಪುಟ. ಐದೂವರೆಗೆ ಯಾರದೋ ಮದುವೆಯ ಕರೆಯೋಲೆ. ಮಾಯ್ ನನ್ನ ಹೆಗಲ ಮೇಲಿಂದ ಬಗ್ಗಿ, ಒಂದೊಂದು ಬಂದಾಗಲೂ ಇದು ಅಲ್ಲ ತಾನೇ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಚಿಗವ್ವ ಕೌದಿಯ ಅಂಚನ್ನು ಹಿಸುಕುತ್ತಿದ್ದಳು. ಆರಕ್ಕೆ ಹತ್ತು ನಿಮಿಷವಿರುವಾಗ ಒಂದು ದೊಡ್ಡ ಕಡತ ನಿಧಾನಕ್ಕೆ ಇಳಿಯತೊಡಗಿತು, ಆ ಕಾಫಿಗಿಂತ ನಿಧಾನವಾಗಿ.

ತೆರೆಯಿತು. ಅರ್ಧ ಕೌದಿ, ಅಂಗಳದ ಬಿಸಿಲು, ಚುಚ್ಚಿದ ಹಾಗೇ ಬಿಟ್ಟ ಸೂಜಿ, ಗುಡ್ಡ ಹತ್ತಿ ಇಳಿಯುವ ಸಾಲುಗಳು. ಕೆಳಗಿನ ಮೂಲೆಯಲ್ಲಿ, ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಒತ್ತಿ ಹಿಡಿದ ಅವಳ ಕಾಲಿನ ಹೆಬ್ಬೆರಳು. ಮೇಲಿನ ಮೂಲೆಯಲ್ಲಿ ಅವಳ ತಲೆಯ ನೆರಳು. ನನ್ನ ಬೆರಳು ಅಭ್ಯಾಸಬಲದಿಂದ ಅಂಚು ಕತ್ತರಿಸಲು ಹೋಯಿತು. ಮಾಯ್ ಫೋನನ್ನೇ ಕೈಯಿಂದ ತೆಗೆದುಕೊಂಡು, ಬಂದದ್ದನ್ನು ಬಂದ ಹಾಗೇ ಏರಿಸಿಬಿಟ್ಟಳು.

ಆರಕ್ಕೆ ಐದು ಪುಟ ತೆರೆದವು. ಐದು ಹೆಸರು, ಎರಡರ ಕೆಳಗೆ ಬಾಗಿಲ ಬೆಳಕು, ಒಂದರ ಕೆಳಗೆ ಬಿದಿರ ಗಳ, ಒಂದರಲ್ಲಿ ವಿಯೆಟ್ನಾಮಿನ ಅಜ್ಜಿ, ಒಂದರಲ್ಲಿ ಕುರುಗೋಡಿನ ಹೆಬ್ಬೆರಳು. ಚಿಗವ್ವ ಹೆಸರುಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು, ಎರಡು ಸಲ. ಕೊಂಡಿಯನ್ನು ಐವರ ಗುಂಪಿಗೆ ಕಳಿಸಿದೆ. ಹುಸೇನ್‌ಬಿ ತನ್ನ ಕೌದಿಯ ಬೆನ್ನನ್ನೇಕೆ ತೋರಿಸಿದ್ದೀರಿ ಎಂದು ಜಗಳಕ್ಕೆ ಬಂದಳು, ಆಮೇಲೆ ನೆಂಟರಿಗೆಲ್ಲ ಅದನ್ನೇ ಕಳಿಸಿದಳೆಂದು ತಿಳಿಯಿತು. ಹುಲಿಗೆಮ್ಮಜ್ಜಿಯಿಂದ ಮಾತ್ರ ಸದ್ದಿಲ್ಲ. ಹೆಬ್ಬೆರಳು ಬಿಟ್ಟದ್ದಕ್ಕೆ ಸಿಟ್ಟಾಗಿದ್ದಾಳೆ ಎಂದು ನಾನೇ ಕರೆ ಮಾಡಿದೆ.

ಅವಳು ಪುಟ ತೆರೆದು, ಎರಡು ಬೆರಳಿನಿಂದ ಫೋಟೊವನ್ನು ಎಳೆದು ದೊಡ್ಡದು ಮಾಡುತ್ತಾ ಕೂತಿದ್ದಳಂತೆ. ಎಷ್ಟು ಎಳೆದರೂ ಒಡೆಯುತ್ತಿಲ್ಲ ತಮ್ಮಾ, ದಾರ ಕಾಣುತ್ತಿದೆ ಎಂದಳು. ತನ್ನ ಹೊಲಿಗೆಯನ್ನು ಕಣ್ಣಿನಿಂದ ನೋಡಿ ಅವಳಿಗೆ ಎಷ್ಟು ದಿನವಾಗಿತ್ತೋ, ನಾನು ಕೇಳಲಿಲ್ಲ. ಆಮೇಲೆ ಅವಳ ದನಿ ಬದಲಾಯಿತು.

“ಮೂರನೇ ಸಾಲ್ನಾಗ ಒಂದು ಹೊಲಿಗಿ ಬಿಟ್ಟು ಹೋಗೈತಿ. ಕೈಗೆ ಗೊತ್ತೇ ಆಗಿಲ್ಲ ನೋಡು. ಇಡು ಫೋನು, ಬಿಚ್ಚಬೇಕು.”

ಜಗತ್ತು ಆ ಫೋಟೊವನ್ನು ನೋಡಲು ಶುರು ಮಾಡುವಷ್ಟರಲ್ಲಿ ಕುರುಗೋಡಿನಲ್ಲಿ ಆ ಸಾಲು ಬಿಚ್ಚಿಯಾಗಿತ್ತು.